ಚಟ್ನಿಪುಡಿ ಡಬ್ಬಿ

ಬಚ್ಚಲಮನೆಯ ಚಿಲಕ ಬಿದ್ದ ಸದ್ದು ಕೇಳಿದ್ದೇ ತಡ, ಜಯದೇವಿ ಗಂಡನ ಬ್ಯಾಗಿಗೆ ಕೈಹಾಕಿದಳು. ಮೀನಿನ ವಾಸನೆ. ಅನುಮಾನವೇ ಇಲ್ಲ.

ಬೆಳಗ್ಗೆ ನಾಗಭೂಷಣ್ ನವರಂಗ್ ಹತ್ತಿರ ಬಸ್ಸಿಳಿದು ಬಸವೇಶ್ವರನಗರದ ಮನೆ ಹೊಕ್ಕಾಗಲೇ ಅವಳ ಮೂಗು ಎಚ್ಚರವಾಗಿತ್ತು. ಮೊಮ್ಮಕ್ಕಳನ್ನು ಆಡಿಸಬೇಕಾದ ನಿವೃತ್ತ ಎಂಜಿನಿಯರ್‌ಗೆ ಈಗ ಕಾಡುಪ್ರಾಣಿಗಳ ಹುಚ್ಚು. ಕುಮಟಾದಾಚೆ, ಕಡಲಿಗೆ ಚಾಚಿದ ಬಂಡೆಗಳ ಮೇಲೆ ನೀರುನಾಯಿಗಳ ಗಣತಿಯಂತೆ. ಇವನು ಸ್ವಯಂಸೇವಕನಂತೆ. "ಎಷ್ಟು ನೋಡಿದ್ರಿ?" ಎಂದು ಕೇಳಿದ್ದಕ್ಕೆ, "ಒಂದೂ ಕಾಣಿಸಲಿಲ್ಲ ಕಣೇ. ಆದ್ರೂ ಎಣಿಸಿದ್ವಿ" ಎಂದಿದ್ದ. ಕಾಣದ್ದನ್ನು ಎಣಿಸುವುದು ಹೇಗೆ? ಯಾರ ಕಿವಿ ಮೇಲೆ ಹೂವಿಡುತ್ತಾನೆ ಇವನು?

ಈ ಮನೆಯ ಶಿಸ್ತು ಸಾಮಾನ್ಯದ್ದಲ್ಲ. ಮೊಟ್ಟೆ ಹಾಕಿದ ಕೇಕು ಇಲ್ಲಿಯತನಕ ಹೊಸಿಲು ದಾಟಿಲ್ಲ. ಕಾಲೇಜು ಹಾಸ್ಟೆಲಿನಲ್ಲಿ ಆಮ್ಲೆಟ್ ರುಚಿ ಕಂಡಿದ್ದ ಈ ಗಂಡಿನ ಕೈಲಿ ಮದುವೆಗೆ ಮುಂಚೆ ಇಷ್ಟಲಿಂಗ ಮುಟ್ಟಿಸಿ ಆಣೆ ಮಾಡಿಸಿದ್ದವಳೇ ಜಯದೇವಿ. ತನ್ನ ಮಟ್ಟಿಗೂ ಅಷ್ಟೇ ಕಟ್ಟುನಿಟ್ಟು. ಬುಧವಾರ ಬುಧವಾರ ವಿಜಯನಗರದಲ್ಲಿ, ಕುಂದಾಪುರದ ಕಡೆಯ ಗೆಳತಿ ಜ್ಯೋತಿಲಕ್ಷ್ಮಿಯ ಮನೆಯಲ್ಲಿ ವಚನ ಗಾಯನ. ಮುಗಿಸಿ ಬಂದರೆ ಏಲಕ್ಕಿ ಜಗಿಯುತ್ತ ನೇರ ಬಚ್ಚಲಿಗೆ. ತಲೆಗೆ ನೀರು ಹಾಕಿಕೊಂಡು, ಉಟ್ಟ ಸೀರೆ ನೆನೆಹಾಕಿದ ಮೇಲೆಯೇ ಅಡುಗೆಮನೆಗೆ ಕಾಲಿಡುವುದು. ಹೊರಗಿನ ಮೈಲಿಗೆ ಒಳಗೆ ಬರಬಾರದು ಎನ್ನುತ್ತಿದ್ದಳು.

ಬ್ಯಾಗಿನ ತಳದಲ್ಲಿ, ಟವೆಲ್ಲಿನೊಳಗೆ, ಅವಳೇ ಚಟ್ನಿಪುಡಿ ತುಂಬಿ ಕಳಿಸಿದ್ದ ಸ್ಟೀಲ್ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದಳು. ಒಣಗಿದ ಕಪ್ಪನೆಯ ಉಂಡೆ. ಅದರ ತುಂಬ ಸಣ್ಣ ಸಣ್ಣ ಮುಳ್ಳು, ಹೊಳೆಯುವ ಹುರುಪೆ.

ಇಷ್ಟು ವರ್ಷ ಇವನನ್ನು ನಂಬಿ ಬಾಳಿದ್ದಾಯಿತಲ್ಲ. ಇದು ನಿಜವೇ ಆದರೆ ಇವತ್ತೇ ದಾವಣಗೆರೆಯ ತಂಗಿ ಮನೆಗೆ ಹೊರಟುಬಿಡುವುದು ಎಂದು ತೀರ್ಮಾನಿಸಿದಳು.

ನಾಗಭೂಷಣ್ ವಿಭೂತಿ ಹಚ್ಚಿಕೊಂಡು ಬಂದ. ಹೆಂಡತಿಯ ಕೈಯಲ್ಲಿದ್ದ ಡಬ್ಬಿ ನೋಡಿ ಅವನ ಮುಖ ಪೆಚ್ಚಾಯಿತು.

"ಪೂಜೆ ಕೋಣೆಗೆ ಕಾಲಿಡಬೇಡಿ. ಬೂತಾಯಿ ಮೀನು ತಿಂದಿದ್ದಲ್ದೆ, ಮುಳ್ಳನ್ನ ನನ್ನ ಚಟ್ನಿಪುಡಿ ಡಬ್ಬೀಲೇ ತುಂಬ್ಕೊಂಡು ಬಂದಿದೀರಲ್ಲ, ನಾಚಿಕೆ ಆಗಲ್ವಾ? ಲಿಂಗ ಮುಟ್ಟಿ ಆಣೆ ಮಾಡಿದ್ದು ಮರೆತೋಯ್ತಾ ನಿಮಗೆ?"

ಅವನು ಕುರ್ಚಿ ಎಳೆದು ಕೂತ.

"ತಿಂದಿದ್ದು ನಾನಲ್ಲ ಕಣೇ, ನೀರುನಾಯಿ. ಇದು ಅದರ ಹಿಕ್ಕೆ. ಆ ಪ್ರಾಣಿ ಅಷ್ಟು ಸುಲಭಕ್ಕೆ ಕಣ್ಣಿಗೆ ಬೀಳಲ್ಲ. ಬಂಡೆ ಬಂಡೆ ಹತ್ತಿ ಹಿಕ್ಕೆ ಹುಡುಕಿ ಲೆಕ್ಕ ಹಾಕ್ತಾರೆ. ಮೊದ್ಲೇ ಹೇಳಿದ್ರೆ ಡಬ್ಬಿ ಜೊತೆ ನನ್ನನ್ನೂ ಬೀದಿಗೆ ಎಸೀತಿದ್ದೆ ನೀನು."

ಫೋನು ತೆಗೆದು ಫೋಟೋ ತೋರಿಸಿದ. ಅಲೆ ಹೊಡೆಯುವ ಬಂಡೆಯ ಮೇಲೆ ಮಂಡಿಯೂರಿ, ಅಂಥದ್ದೇ ಕಪ್ಪು ಉಂಡೆಗೆ ಮೂಗು ತಾಗಿಸುವಷ್ಟು ಬಗ್ಗಿದ್ದವನು ತನ್ನ ಗಂಡನೇ.

ಜಯದೇವಿಗೆ ಅಳುವೂ ಬಂತು, ನಗುವೂ ಬಂತು. ಡಬ್ಬಿಯನ್ನು ಟೇಬಲ್ಲಿನ ಮೇಲಿಟ್ಟು ಸೋಪು ಹಚ್ಚಿ ಕೈ ತಿಕ್ಕಿಕೊಂಡಳು. ದೇವರಂಥ ಗಂಡನ ಮೇಲೆ ಇಲ್ಲದ ಅನುಮಾನ ಪಟ್ಟೆನಲ್ಲ ಎಂದು ನೊಂದುಕೊಂಡಳು.

"ತಪ್ಪಾಯ್ತು ಕಣ್ರೀ," ಎಂದಳು. "ಕಾಫಿ ಮಾಡ್ತೀನಿ ಇರಿ."

"ಮಾಡು. ಕುಡಿದು ಕೆಂಗೇರಿ ಹತ್ರ ಲ್ಯಾಬಿಗೆ ಇದನ್ನ ಕೊಟ್ಟು ಬರ್ತೀನಿ. ಯಾವ ಮೀನಿನ ಮುಳ್ಳು ಅಂತ ಗಣತಿಗೆ ಬಂದಿದ್ದ ವಿಜ್ಞಾನಿಗಳಿಗೂ ಗುರುತು ಹತ್ತಲಿಲ್ಲ."

ನಾಗಭೂಷಣ್ ಡಬ್ಬಿಯ ಮುಚ್ಚಳವನ್ನು ನಿಧಾನವಾಗಿ ಹಾಕಿದ.

"ನೀನು ನೋಡ್ತಿದ್ದಂಗೇ ಬೂತಾಯಿ ಅಂದ್ಯಲ್ಲ ಜಯಾ, ಬುಧವಾರದ ವಚನ ಗಾಯನದಲ್ಲಿ ಅದನ್ನೂ ಹೇಳಿಕೊಡ್ತಾರಾ?"