ಒಂಬತ್ತು ಡಿಗ್ರಿ

ಸೊಸೆಯ ಫೋನು ಮತ್ತೆ ಕಿರುಚಿಕೊಂಡಿತು. ಒಂಬತ್ತು ಡಿಗ್ರಿ.

ಕನ್ನಡಕದಂಗಡಿಯಲ್ಲಿ ಗಿರಾಕಿಯೊಬ್ಬರು ಗೋಡೆಯ ಅಕ್ಷರಗಳನ್ನು ಅವಳಿಗೆ ಓದಿ ಹೇಳುತ್ತಿದ್ದರು. ಅವರನ್ನು ಅರ್ಧದಲ್ಲೇ ಬಿಟ್ಟು, ಮಾಲೀಕರಿಗೆ ಕೈಸನ್ನೆ ಮಾಡಿ, ಕೋಟು ತೊಡುತ್ತಲೇ ಬೀದಿಗಿಳಿದಳು. ಈ ಸಲ ಕಣ್ಣಾರೆ ಕಂಡು ಹಿಡಿಯಬೇಕು. ಅತ್ತೆಯನ್ನು ಕಳ್ಳಿಯ ಹಾಗೆ ಹಿಡಿಯಹೊರಟೆನಲ್ಲ ಎಂದು ಒಂದು ಗಳಿಗೆ ನಾಚಿಕೆಯಾಯಿತು. ತಾನು ಸಾಕಿದ ಆಮೆ ನೆನಪಾಗಿ ನಾಚಿಕೆ ಹೋಯಿತು.

ಹಗಲು ಮನೆಯಲ್ಲಿರುತ್ತಿದ್ದದ್ದು ಅತ್ತೆ ಮತ್ತು ಆಮೆ, ಇಬ್ಬರೇ. ಗಾಜಿನ ಪೆಟ್ಟಿಗೆಯಲ್ಲಿ ಮೂವತ್ತು ಡಿಗ್ರಿ ಇರಲೇಬೇಕು. ಹೋದ ಚಳಿಗಾಲ ಆಮೆಗೆ ಉಸಿರು ಕಟ್ಟಿತ್ತು. ಇನ್ನೊಮ್ಮೆ ಶೀತ ತಗುಲಿದರೆ ಉಳಿಯುವುದಿಲ್ಲ ಎಂದಿದ್ದರು ಪ್ರಾಣಿವೈದ್ಯರು. ಅದಕ್ಕೇ ಈ ವರ್ಷ ಚಳಿ ಶುರುವಾಗುತ್ತಲೇ ಹಿಂದಿನ ಕೋಣೆಯ ಹೀಟರನ್ನು ತಂದು ಪೆಟ್ಟಿಗೆಯ ಪಕ್ಕಕ್ಕಿಟ್ಟಳು. ಮೇಲೊಂದು ದೀಪ ತೂಗುಹಾಕಿದಳು. ಒಳಗೆ ಅಂಗಿಯ ಗುಂಡಿಯಷ್ಟಗಲದ ಥರ್ಮಾಮೀಟರ್ ಅಂಟಿಸಿದಳು. ತಣ್ಣಗಾದರೆ ಸಾಕು, ಅದು ಅವಳ ಫೋನಿಗೆ ದೂರು ಹೇಳುತ್ತಿತ್ತು.

ಅತ್ತೆಗೆ ಈ ಉಪಚಾರ ಸೇರದು. "ದೊರೆಗಳಿಗೆ ಕಾಲು ಒತ್ತಲಾ?" ಎಂದು ಕೆಣಕುವರು. ಒಮ್ಮೆ ಮಾತ್ರ ಮೆಲ್ಲಗೆ, "ಮೂಳೆ ಕೊರೀತಿದೆ ಕಣಮ್ಮ" ಎಂದಿದ್ದರು.

"ಚಳಿಗಾಲ ಅಲ್ವಾ ಅತ್ತೆ, ಎಲ್ಲರಿಗೂ ಚಳಿನೇ. ಇನ್ನೊಂದು ಕಂಬಳಿ ಹೊದ್ಕೊಳ್ಳಿ," ಎಂದಿದ್ದಳು ಸೊಸೆ, ಅವರ ಮುಖ ನೋಡದೆ.

ಫೋನು ಕಿರುಚತೊಡಗಿದ್ದು ಆಮೇಲೇ. ಹೊಟ್ಟೆಕಿಚ್ಚು, ಇನ್ನೇನು!

ಕಿರುಚುವುದು ಮಧ್ಯಾಹ್ನ. ಸಂಜೆ ಅವಳು ಬರುವಷ್ಟರಲ್ಲಿ ಎಲ್ಲ ಸರಿ. ಕೇಳಿದರೆ ಅತ್ತೆಯದು ಒಂದೇ ಮಾತು: "ನಿನ್ನ ಹೀಟರ್ ಮುಟ್ಟಿಲ್ಲ, ದೀಪಾನೂ ಮುಟ್ಟಿಲ್ಲ."

ನಿನ್ನೆ ಗಂಡನಿಗೆ ಹೇಳಿಬಿಟ್ಟಿದ್ದಳು: "ಇನ್ನೊಂದು ಸಲ ಹೀಗಾದ್ರೆ ನಿಮ್ಮಮ್ಮನ್ನ ನಿಮ್ಮ ತಂಗಿ ಮನೆಗೆ ಕಳಿಸಿಬಿಡಿ."

ಗಂಡ ಪೇಪರಿನಿಂದ ತಲೆ ಎತ್ತಲಿಲ್ಲ. ಉತ್ತರ ಕೊಟ್ಟವರು ಅತ್ತೆಯೇ. "ಕಳಿಸು. ಅಲ್ಲಿ ಆಮೆ ಇಲ್ಲ."

ಈಗ ಮನೆ ತಲುಪಿ, ಸದ್ದಾಗದಂತೆ ಬೀಗ ತೆಗೆದಳು. ಫೋನಿನಲ್ಲಿ ಇನ್ನೂ ಒಂಬತ್ತೇ.

ಹೀಟರು ಕೆಂಪಗೆ ಉರಿಯುತ್ತಿತ್ತು. ದೀಪವೂ. ಗಾಜಿನ ಮೇಲೆ ಕೈಯಿಟ್ಟರೆ ಹಿತವಾದ ಬಿಸಿ. ಆಮೆ ಕಾಲು ಚಾಚಿಕೊಂಡು, ಮಾವನ ಮನೆಗೆ ಬಂದ ಅಳಿಯನ ಹಾಗೆ ಸೊಪ್ಪು ಮೆಲ್ಲುತ್ತಿತ್ತು.

"ಅತ್ತೇ!"

"ಬಂದ್ಯಾ?" ದನಿ ಹಿಂದಿನ ಕೋಣೆಯಿಂದ ಬಂತು. "ಓಡಿ ಬಂದಿದ್ದೀಯ. ಏದುಸಿರು ಇಲ್ಲಿಗೇ ಕೇಳ್ತಿದೆ."

"ಏನು ಮಾಡಿದ್ರಿ ಅದಕ್ಕೆ?"

"ದೊರೆಗಳಿಗಾ? ಬೆಚ್ಚಗಿದ್ದಾರಲ್ಲ, ನೋಡ್ಲಿಲ್ವಾ?"

ಬಾಗಿಲು ದಡಾರನೆ ತಳ್ಳಿದಳು. ತನ್ನ ಉಸಿರೇ ಕಣ್ಣ ಮುಂದೆ ಹೊಗೆಯಾಯಿತು. ಹೀಟರ್ ಒಯ್ದ ಮೇಲೆ ಅವಳು ಆ ಹೊಸ್ತಿಲು ದಾಟಿದ್ದು ಇದೇ ಮೊದಲು. ಅತ್ತೆ ಕಂಬಳಿಗಳ ರಾಶಿಯೊಳಗಿಂದ ಮುಖವನ್ನಷ್ಟೇ ಹೊರಗಿಟ್ಟುಕೊಂಡು ಮಲಗಿದ್ದರು. ತುಟಿ ನೀಲಿಗಟ್ಟಿತ್ತು.



"ನಾನು ಹೇಳಿದ್ರೆ ನೀನು ನಂಬಲಿಲ್ಲ," ಅತ್ತೆ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ; ಕೇಳಿಕೊಳ್ಳಬೇಕಾಗಿ ಬಂದವರ ಸಂಕೋಚವಿತ್ತು. "ಅದು ಹೇಳಿದ್ರೆ ನಂಬ್ತೀಯ ಅಂತ…"

ಆ ಮುಖವನ್ನು ಎದುರಿಸಲಾರದೆ ಅವಳು ಕಣ್ಣನ್ನು ಗೋಡೆಗೆ ತಿರುಗಿಸಿದಳು.

ಅಲ್ಲಿ, ಅತ್ತೆಯ ದಿಂಬಿನ ಮೇಲ್ಗಡೆ, ಆಮೆಯ ಥರ್ಮಾಮೀಟರ್ ಅಂಟಿಕೊಂಡಿತ್ತು.