ಗಾಡಿಗೆ ಕಟ್ಟಿದ ದೀಪ

ಸೈಕಲ್ಲಿನವನು ಕೊನೆಯ ಗಳಿಗೆಯಲ್ಲಿ ಹ್ಯಾಂಡಲ್ ತಿರುಗಿಸಿದ. ಪೆಡಲು ಮಗುವಿನ ತಳ್ಳುಗಾಡಿಯ ಚಕ್ರವನ್ನು ಸವರಿಕೊಂಡು ಹೋಯಿತು. "ಕತ್ತಲಲ್ಲಿ ಏನೂ ಕಾಣಲ್ಲಮ್ಮಾ!" ಎಂದು ಕೂಗುತ್ತಲೇ ಅವನು ಮರೆಯಾದ. ಗಾಡಿ ತಳ್ಳುತ್ತ ಓಡುತ್ತಿದ್ದವಳು ತಟ್ಟನೆ ನಿಂತು ಬಗ್ಗಿ ನೋಡಿದಳು. ಒಳಗೆ ಮಗಳು ಮಾತ್ರ ಬೆರಳು ಚೀಪುತ್ತ ಆಕಾಶ ನೋಡುತ್ತಿದ್ದಳು.

ಮನೆಗೆ ಬಂದು ಅವಳು ಏನನ್ನೂ ಮುಚ್ಚಿಡಲಿಲ್ಲ. ಅತ್ತೆ ಕೇಳಿದ್ದೇ ತಡ, ಗಾಡಿಯನ್ನು ಮಡಚಿ ಬೀರುವಿನ ಹಿಂದೆ ನಿಲ್ಲಿಸಿಬಿಟ್ಟರು.

"ಸಾಕಿನ್ನು. ಓಡಲೇಬೇಕು ಅಂದ್ರೆ ಮನೇಲೇ ಓಡು."

"ಬೆಳಗ್ಗಿಂದ ಔಷಧಿ ಅಂಗಡೀಲಿ ನಿಂತೂ ನಿಂತೂ ಕಾಲು ಮರಗಟ್ಟಿರುತ್ತೆ ಅತ್ತೆ. ಓಡುವಾಗ ಮಾತ್ರ ನಾನು ನಾನಾಗಿರ್ತೀನಿ."

"ಅದಕ್ಕೆ ನನ್ನ ಮೊಮ್ಮಗಳ ಜೀವ ಪಣಕ್ಕಿಡಬೇಕಾ?"

 ಗಂಡನಿಗೆ ಬೇಕರಿಯಲ್ಲಿ ಸಂಜೆ ಪಾಳಿ. ಮಗುವನ್ನು ಬಿಟ್ಟುಹೋಗೋಣವೆಂದರೆ ಅತ್ತೆಗೆ ಮಂಡಿನೋವು. ಸಂಜೆಯಾದೊಡನೆ ರಚ್ಚೆ ಹಿಡಿಯುವ ಮಗು ಗಾಡಿ ಉರುಳಿದರೆ ಮಾತ್ರ ಸುಮ್ಮನಾಗುತ್ತಿತ್ತು. ಮಾರನೆಯ ಸಂಜೆ ಅದು ಅತ್ತೂ ಅತ್ತೂ ಮನೆಯೆಲ್ಲ ರಂಪ ಎಬ್ಬಿಸಿತು. ಅತ್ತೆ ಮಡಿಲಲ್ಲಿ ಮಲಗಿಸಿ ನೋಡಿದರು, ಹೆಗಲಿಗೆ ಹಾಕಿ ನೋಡಿದರು, ಕೊನೆಗೆ ತಾವೇ ಸೋತು ಕೂತರು.

ರಜೆಯ ದಿನ ಅವಳು ಬೀರುವಿನ ಹಿಂದಿನಿಂದ ಗಾಡಿಯನ್ನು ಎಳೆದಳು. ಮಗುವನ್ನು ಅದರಲ್ಲಿ ಕೂರಿಸಿ, ಊಟದ ಮೇಜಿನ ಮೇಲೆ ಸಾಮಾನು ಹರಡಿಕೊಂಡಳು. ಕೆಟ್ಟುಹೋದ ಆಟದ ಕಾರಿನಿಂದ ಕಿತ್ತ ಬ್ಯಾಟರಿ ಡಬ್ಬಿ, ಚಿಕ್ಕ ಬಲ್ಬುಗಳ ಸರ, ಕಪ್ಪು ಟೇಪು. ಗಾಡಿಯ ಮುಂದೆ ಬಿಳಿ, ಹಿಂದೆ ಕೆಂಪು. ಸ್ವಿಚ್ ಒತ್ತಿದರೆ ಏನೂ ಆಗಲಿಲ್ಲ. ಬ್ಯಾಟರಿಗಳನ್ನು ತಿರುಗಿಸಿ ಹಾಕಿದಳು. ಎಲ್ಲವೂ ಒಮ್ಮೆಗೇ ಹೊತ್ತಿಕೊಂಡವು! ಮಗು ಕೇಕೆ ಹಾಕಿ, ವೈರನ್ನೇ ಎಳೆದು ಬಾಯಿಗಿಟ್ಟುಕೊಂಡಿತು.

"ನೋಡಿದ್ಯಾ?" ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. "ಸೈಕಲ್ ತಪ್ಪಿದ್ರೆ ವೈರು."

ಅವಳು ಬಲ್ಬುಗಳನ್ನು ಬಿಚ್ಚತೊಡಗಿದಳು. ಕಣ್ಣು ಮಂಜಾಗಿ ಟೇಪಿನ ತುದಿ ಸಿಗುತ್ತಿರಲಿಲ್ಲ. ಅತ್ತೆ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಒಳಗೆ ಹೋಗಿ ಹಳೆಯ ಪರದೆ, ಸೂಜಿದಾರ ತಂದು ಎದುರಿಗೆ ಕೂತರು.

"ಕೊಡಿಲ್ಲಿ. ವೈರನ್ನ ಬಟ್ಟೆಯೊಳಗಿಟ್ಟು ಹೊಲಿದ್ರೆ ಇವಳ ಕೈಗೆ ಸಿಗಲ್ಲ. ನಿನ್ನ ಓಟಕ್ಕೆ ಅಂದ್ಕೋಬೇಡ ಮತ್ತೆ. ಇವಳ ಗಲಾಟೆ ತಡೆಯೋಕಾಗಲ್ಲ."

ವೈರಿನ ಸುತ್ತ ಅಂಗಿಯ ತೋಳಿನಂಥ ಉದ್ದನೆಯ ಹೊದಿಕೆ, ಡಬ್ಬಿಗೊಂದು ಗುಂಡಿ ಹಾಕಿದ ಚೀಲ. ಹೊಲಿಗೆ ಮುಗಿಸಿ ಅತ್ತೆ ಪ್ರತಿ ಗಂಟನ್ನೂ ಎಳೆದೆಳೆದು ನೋಡಿದರು. ಮಗುವೂ ಎಳೆದು ನೋಡಿ, ಬೇಸತ್ತು ಕೈಬಿಟ್ಟಿತು.

ಕತ್ತಲಾಗುತ್ತಿದ್ದಂತೆ ಅವಳು ಗಾಡಿಯೊಂದಿಗೆ ಮೈದಾನದ ಸುತ್ತಲಿನ ದಾರಿಗಿಳಿದಳು. ಸೈಕಲ್ಲುಗಳು ದೂರದಿಂದಲೇ ಪಕ್ಕಕ್ಕೆ ಸರಿದವು. "ಮಹಾರಾಣಿಯವರ ಸವಾರಿ ಬಂತು, ದಾರಿ ಬಿಡ್ರಪ್ಪಾ" ಎಂದು ವಾಕಿಂಗಿಗೆ ಬಂದಿದ್ದ ಮುದುಕರೊಬ್ಬರು ನಕ್ಕರು. ಮಹಾರಾಣಿಗೆ ಆಗಲೇ ನಿದ್ದೆ. ಓಡುತ್ತಿದ್ದವಳ ಏದುಸಿರು ನಿಧಾನವಾಗಿ ಒಂದು ಲಯಕ್ಕೆ ಬಂತು. ಹೆರಿಗೆಗೆ ಮುಂಚಿನ ತನ್ನ ಕಾಲುಗಳೇ ತನಗೆ ಮರಳಿ ಸಿಕ್ಕಂತಾಗಿ, ಅವಳಿಗೆ ಸುಮ್ಮಸುಮ್ಮನೆ ನಗು ಬಂತು.

ಮನೆಗೆ ಬಂದಾಗ ಅತ್ತೆ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು, ಕನ್ನಡಕ ಏರಿಸಿ ಕೂತಿದ್ದರು.

"ಎಲ್ರೂ ದೂರದಿಂದ್ಲೇ ದಾರಿ ಬಿಟ್ರು ಅತ್ತೆ."

"ಗೊತ್ತು. ಗಾಡಿಯ ದೀಪ ಹೋಗಿದ್ದು ಬಂದಿದ್ದು ಎಲ್ಲಾ ಇಲ್ಲಿಂದ ಕಾಣುತ್ತೆ." ಅತ್ತೆ ಮೈದಾನದಾಚೆಯ ನೀರಿನ ಟ್ಯಾಂಕಿನತ್ತ ಬೆರಳು ತೋರಿಸಿದರು. "ಅಲ್ಲಿ ಏರು ಬರ್ತಿದ್ದ ಹಾಗೇ ನಡೆಯೋಕೆ ಶುರು ಮಾಡ್ತೀಯ. ಪ್ರತಿ ಸುತ್ತಲ್ಲೂ ಅದೇ ಕಥೆ. ನಾಳೆ ಅಲ್ಲೂ ಓಡು, ನೋಡ್ತಿರ್ತೀನಿ."