ಭಟ್ಟಿಗೆ ಹೋದ ನೀಲಿ ಮಣಿಗಳು

ಪೆಟ್ಟಿಗೆಯ ಮುಚ್ಚಳ ತೆಗೆದದ್ದೇ ತಡ, ಮಗಳು ಬೆಚ್ಚಿ ಹಿಂದೆ ಸರಿದಳು. ಹಡಗಿನ ಕ್ಯಾಪ್ಟನ್ನರ ಚಿನ್ನದ ವಾಚಿನ ಚರ್ಮದ ಪಟ್ಟಿಯ ಮೇಲೆ ಬಿಳಿ ಬೂಷ್ಟು ಎದ್ದಿತ್ತು.

"ಅಪ್ಪಾ, ಬೇಗ ಬಾ ಇಲ್ಲಿ!"

ಬಿರುಗಾಳಿ ಮಳೆಗೆ ಕರೆಂಟ್ ಹೋಗಿ ದಿನಗಳೇ ಆಗಿದ್ದವು. ವಾಚಂಗಡಿಯ ಒಳಕೋಣೆಯಲ್ಲಿ ಗಾಳಿಯ ತೇವ ಹೀರುವ ಯಂತ್ರ ಮೂಲೆ ಹಿಡಿದು ಕೂತಿತ್ತು. ಗೋಡೆ ಮುಟ್ಟಿದರೆ ಕೈ ಒದ್ದೆ. ತಿಂಗಳುಗಟ್ಟಲೆ ಪರ ಊರಿಗೆ ಹೋಗುವವರು, ಮನೆಯವರ ಕೈಗೂ ಕೊಡದ ದುಬಾರಿ ವಾಚುಗಳನ್ನು ಅಪ್ಪನ ಕೈಗಿಟ್ಟು ನಿಶ್ಚಿಂತೆಯಿಂದ ಹೊರಡುತ್ತಿದ್ದರು. ಉಕ್ಕಿನ ಬೀರುವಿನಲ್ಲಿ ವಾಚಿಗೊಂದು ಪೆಟ್ಟಿಗೆ, ಪೆಟ್ಟಿಗೆಗೊಂದು ತೇವ ಕುಡಿಯುವ ನೀಲಿ ಮಣಿಗಳ ಚೀಲ. ಮಗಳು ಒಂದೊಂದನ್ನೇ ತೆರೆದು ನೋಡಿದಳು. ಮಣಿಗಳೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ಹೊಟ್ಟೆ ತುಂಬ ಕುಡಿದು ಕೂತಿದ್ದವು. ಇನ್ನೊಂದು ಹನಿಗೂ ಜಾಗವಿರಲಿಲ್ಲ.

ಅಪ್ಪ ಬೂಷ್ಟು ಹಿಡಿದ ಪಟ್ಟಿಯನ್ನು ಬಿಚ್ಚಿ ದೂರ ಇಟ್ಟ. "ಪಟ್ಟಿ ಹೋದ್ರೆ ಇನ್ನೊಂದು ಹಾಕಬಹುದು. ತೇವ ಒಳಗಿಳಿದ್ರೆ ಮುಗೀತು ಕಥೆ. ಮೊದಲು ಮಣಿ ಒಣಗಿಸಬೇಕು."

ಮಗಳು ಒಂದು ಹಿಡಿ ಮಣಿಯನ್ನು ಬಾಣಲೆಗೆ ಹಾಕಿ ಒಲೆಯ ಮೇಲಿಟ್ಟಳು. ತಳದವು ಕರಕಲಾಗಿ ಪಟಪಟ ಸಿಡಿದವು, ಮೇಲಿನವು ಇದ್ದ ಹಾಗೇ ಇದ್ದವು. ಸುತ್ತಲೂ ಸಮನಾದ ಕಾವು ಬೇಕಿತ್ತು. ಆಕೆಯ ಕಣ್ಣು ತಾನಾಗಿ ಪಕ್ಕದ ಗೋಡೆಯತ್ತ ಹೋಯಿತು. ಗೋಡೆಯಾಚೆ ಬೇಕರಿ, ಅಲ್ಲಿನದು ಸೌದೆ ಭಟ್ಟಿ, ಕರೆಂಟಿನ ಹಂಗಿಲ್ಲ.

"ಆ ಕಡೆ ನೋಡಬೇಡ," ಅಂದ ಅಪ್ಪ.

ಬೇಕರಿಯಾಕೆಗೂ ಅಪ್ಪನಿಗೂ ಮಾತು ನಿಂತು ವರ್ಷಗಳಾಗಿದ್ದವು. ಮೈದಾ ಧೂಳು ಹಾರಿಬಂದು ಬಿಚ್ಚಿಟ್ಟ ವಾಚಿನೊಳಗೆ ಕೂತಿತೆಂದು ಅಪ್ಪ ಬೀದಿಯಲ್ಲಿ ನಿಂತು ಕೂಗಾಡಿದ್ದ. ಆಕೆಯೇನು ಕಮ್ಮಿಯೇ? "ನಿಮ್ಮ ಟಿಕ್ ಟಿಕ್ ಸದ್ದಿಗೆ ನನ್ನ ಹಿಟ್ಟು ಉಬ್ಬಲ್ಲ ಅಂತ ನಾನು ಹೇಳ್ತೀನಾ?" ಎಂದು ನಾಲ್ಕು ಜನರೆದುರು ನೀರಿಳಿಸಿದ್ದಳು. ಅಂದಿನಿಂದ ಎದುರುಬದುರಾದರೆ ಇಬ್ಬರೂ ಆಕಾಶ ನೋಡಿಕೊಂಡು ಹೋಗುತ್ತಿದ್ದರು.

"ನೀನಿರಪ್ಪ, ನಾನು ಹೋಗಿ ಕೇಳ್ತೀನಿ."

ಅಪ್ಪ ಬೇಡವೆಂದು ಕೈಯಾಡಿಸಿದ. ಆಮೇಲೆ ಮಣಿಗಳನ್ನೆಲ್ಲ ಸ್ಟೀಲ್ ತಟ್ಟೆಗಳಿಗೆ ಸುರಿದು, ಒಂದರ ಮೇಲೊಂದು ಜೋಡಿಸಿ ತಾನೇ ಎತ್ತಿಕೊಂಡ. "ಬೈದೋನು ನಾನು. ಕೇಳೋಕೆ ನಿನ್ನ ಕಳಿಸಿದ್ರೆ ಚೆನ್ನಾಗಿರಲ್ಲ." ಯಾರಿಗೂ ತಲೆಬಾಗದ ಅಪ್ಪ ತಟ್ಟೆ ಹೊತ್ತು ಮಳೆನೀರು ದಾಟುವುದನ್ನು ಮಗಳು ಬಾಯಿಬಿಟ್ಟುಕೊಂಡು ನೋಡಿ, ಹಿಂದೆಯೇ ಓಡಿದಳು.

ಬೇಕರಿಯಾಕೆ ಮೊಣಕೈವರೆಗೆ ಹಿಟ್ಟಿನಲ್ಲಿ ಮುಳುಗಿದ್ದಳು. ಅಪ್ಪ ಹೊಸ್ತಿಲಲ್ಲೇ ನಿಂತ.

"ಅಮ್ಮಾ, ನಿಮ್ಮ ಭಟ್ಟಿ ಸ್ವಲ್ಪ ಹೊತ್ತು ಬೇಕಿತ್ತು. ಈ ಮಣಿ ಒಣಗದಿದ್ರೆ ವಾಚುಗಳು ಉಳಿಯಲ್ಲ. ನನ್ನವಲ್ಲ, ಜನ ನಂಬಿ ಇಟ್ಟು ಹೋದವು."

ಈಗ ಹಳೆಯದೆಲ್ಲ ಹೊರಗೆ ಬರುತ್ತದೆಂದು ಮಗಳು ಅಂದುಕೊಂಡಳು. ಬೇಕರಿಯಾಕೆ ತಟ್ಟೆಗಳನ್ನು ನೋಡಿದಳು, ಅಪ್ಪನ ಒದ್ದೆ ತಲೆಯನ್ನು ನೋಡಿದಳು.

"ಬ್ರೆಡ್ ಜೊತೆಗೆ ಇದನ್ನ ಇಡೋ ಹಾಗಿಲ್ಲ. ಭಟ್ಟಿ ಪೂರ್ತಿ ಖಾಲಿ ಮಾಡಿಕೊಡ್ತೀನಿ, ನನ್ನ ಬ್ರೆಡ್ ತಡ ಆದ್ರೆ ಆಗ್ಲಿ. ಆದ್ರೆ ಯಜಮಾನ್ರೇ, ಭಟ್ಟಿ ಮುಂದೆ ನಾನು ನಿಂತ್ರೆ ಈ ಹಿಟ್ಟು ನಾದೋರು ಯಾರು? ನನ್ನ ಮಷೀನೂ ಮಲಗಿದೆ. ರಟ್ಟೆ ಬಿದ್ದುಹೋಗಿದೆ."

ಮಗಳು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ನಲ್ಲಿಯ ಕೆಳಗೆ ಕೈ ತೊಳೆಯುತ್ತಿದ್ದ.

ಚಿಮುಟಕ್ಕಿಂತ ಭಾರದ್ದನ್ನು ಎತ್ತದ ಕೈ ಅದು. ಹಿಟ್ಟನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದ. ಬೇಕರಿಯಾಕೆ ನಕ್ಕುಬಿಟ್ಟಳು.

"ಅದು ಸ್ಕ್ರೂ ಅಲ್ಲ ಯಜಮಾನ್ರೇ! ಹೆದರಬೇಡಿ, ಮುರಿಯಲ್ಲ. ಅಂಗೈಯಿಂದ ಒತ್ತಿ. ಮೈಭಾರ ಬಿಡಿ."

ಅಪ್ಪ ಮೈಭಾರ ಬಿಟ್ಟ. ಹಿಟ್ಟು ಕೈಗೆ ಅಂಟಿತು, ಅಂಗಿಗೆ ಮೆತ್ತಿತು, ಕನ್ನಡಕದ ಮೇಲೂ ಹತ್ತಿತು. ಆತ ನಿಲ್ಲಿಸಲಿಲ್ಲ. ಅತ್ತ ಬೇಕರಿಯಾಕೆ ಕೆಂಡಗಳನ್ನು ಬದಿಗೆ ಎಳೆದು, ಹಬೆ ಹೋಗಲೆಂದು ಬಾಗಿಲನ್ನು ಓರೆ ಮಾಡಿ, ಉದ್ದ ಹಿಡಿಯ ಹಲಗೆಯಿಂದ ತಟ್ಟೆಗಳನ್ನು ಆಗಾಗ ತಿರುಗಿಸುತ್ತ ನಿಂತಳು. ಮನೆಮಗುವಿನ ಜ್ವರ ನೋಡುವಂತೆ ಮತ್ತೆ ಮತ್ತೆ ಬಗ್ಗಿ ನೋಡುತ್ತಿದ್ದಳು. "ಬಣ್ಣ ಬಂತಾ, ನೋಡು ಮಗಾ."

ಮೊದಲು ಅಂಚಿನ ಮಣಿಗಳು ನೇರಳೆಯಾದವು. ಆಮೇಲೆ ಒಂದೊಂದೇ ತಟ್ಟೆ ನೀಲಿಗೆ ತಿರುಗಿತು. ಮಗಳು ಅವನ್ನು ಬಿಗಿ ಡಬ್ಬಿಗಳಲ್ಲಿ ಮುಚ್ಚಿ ಆರಿಸಿ, ಅಂಗಡಿಗೆ ಒಯ್ದು, ವಾಚುಗಳನ್ನು ಒರೆಸಿ, ಚೀಲ ತುಂಬಿ ಮುಚ್ಚಳ ಹಾಕುತ್ತ ಬಂದಳು. ಕ್ಯಾಪ್ಟನ್ನರ ವಾಚಿಗೆ ಕೀಲಿ ಕೊಟ್ಟು ಕಿವಿಗಿಟ್ಟುಕೊಂಡಳು. ಓಡುತ್ತಿತ್ತು. ಕಣ್ಣು ಒರೆಸಿಕೊಂಡು ಕೊನೆಯ ತಟ್ಟೆಗೆಂದು ಬೇಕರಿಗೆ ಮರಳಿದಳು.

ಆಕೆ ಒಳಗೆ ಕಾಲಿಡುವಾಗಲೇ ಕರೆಂಟ್ ಬಂತು. ದೀಪಗಳು ಝಗ್ಗೆಂದವು. ಗೋಡೆಯಾಚೆ ವಾಚಂಗಡಿಯ ತೇವ ಹೀರುವ ಯಂತ್ರ ಗುಂಯ್‌ಗುಟ್ಟಿತು. ಮೂಲೆಯಲ್ಲಿ ಹಿಟ್ಟು ನಾದುವ ಮಷೀನು ಖಾಲಿ ಹೊಟ್ಟೆಯಲ್ಲೇ ಗರಗರ ತಿರುಗತೊಡಗಿತು.

"ಅಬ್ಬಾ, ಬಂತಲ್ಲ!" ಬೇಕರಿಯಾಕೆ ಹಣೆಯ ಬೆವರು ಒರೆಸಿಕೊಂಡಳು. "ಸಾಕು ಬಿಡಿ ಯಜಮಾನ್ರೇ, ಮಷೀನಿಗೆ ಹಾಕ್ತೀನಿ. ನೀವು ನಿಮ್ಮ ವಾಚು ನೋಡ್ಕೊಳ್ಳಿ ಹೋಗಿ."

ಅಪ್ಪ ತಲೆ ಎತ್ತಲಿಲ್ಲ. ಹಿಟ್ಟನ್ನು ಮಡಿಸಿ, ಅಂಗೈಯೂರಿ ಮುಂದಕ್ಕೆ ಒತ್ತಿದ.

"ಅದನ್ನ ಆಫ್ ಮಾಡಮ್ಮ," ಎಂದ. "ಇದು ಈಗ ತಾನೆ ಕೈಗೆ ಬರ್ತಿದೆ."